ಮಿಲ್ ಗೇಟಿನಿಂದ ಕ್ಯಾಂಪಸ್ ಗೇಟಿಗೆ: ಪಿಎಫ್, ಗ್ರಾಚ್ಯುಟಿ ನಡೆದು ಬಂದ ದಾರಿ

ಯೂನಿವರ್ಸಿಟಿ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಪ್ರೊಫೆಸರ್, ಕ್ಲಾಸ್‌ರೂಮ್, ಘಟಿಕೋತ್ಸವ. ಆದ್ರೆ ಬೆಳಗ್ಗೆ ಗೇಟ್ ತೆಗೆಯೋರು, ಹಾಸ್ಟೆಲ್‌ನಲ್ಲಿ ಅನ್ನಕ್ಕೆ ಇಡೋರು, ಬಸ್ ಓಡಿಸೋರು, ಲ್ಯಾಬ್‌ನಲ್ಲಿ ಗಾಜಿನ ಸಾಮಾನು ತೊಳೆಯೋರು, ನಿಮ್ಮ ಮಾರ್ಕ್ಸ್ ಕಾರ್ಡ್ ಟೈಪ್ ಮಾಡೋರು ಯಾರು? ಸರ್ಕಾರಿ ಭಾಷೆಯಲ್ಲಿ ಇವರಿಗೆ ಬೋಧಕೇತರ ಸಿಬ್ಬಂದಿ ಅಂತಾರೆ. ಅಂದ್ರೆ 'ಪಾಠ ಮಾಡದೇ ಇರೋರು'. ಹೆಸರಲ್ಲೇ ಅವರು ಏನು ಮಾಡ್ತಾರೆ ಅಂತ ಇಲ್ಲ, ಏನು ಮಾಡಲ್ಲ ಅಂತ ಇದೆ.

ಇವತ್ತು ನಾನು ಹೇಳೋದು ಇವರ ಪಗಾರದ ಚೀಟಿಯ ಚರಿತ್ರೆ. ಅದರಲ್ಲಿ ಪಿಎಫ್ ಅಂತ ಒಂದು ಸಾಲು ಇರುತ್ತೆ, ಇಎಸ್‌ಐ ಅಂತ ಇನ್ನೊಂದು. ಚೀಟಿಯಲ್ಲಿ ಕಾಣದೇ ಇರೋ ಗ್ರಾಚ್ಯುಟಿ ಮೂರನೇದು. ಇವು ಎಲ್ಲಿಂದ ಬಂದವು, ಯಾರಿಗೆ ಮೊದಲು ಸಿಕ್ಕಿದವು, ಯೂನಿವರ್ಸಿಟಿ ನೌಕರರಿಗೆ ಯಾಕೆ ಅಷ್ಟು ತಡವಾಗಿ ಸಿಕ್ಕಿದವು ಅನ್ನೋದೇ ಕಥೆ.

ಕಥೆ ಶುರುವಾಗೋದು ನಮ್ಮ ಸೀಮೆಯಿಂದಲೇ. ಜಗಳೂರು ತಾಲೂಕಿನ ಬಿಳಿಚೋಡು ಹೋಬಳಿ ಗೊತ್ತಲ್ಲ, ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಬೆಳೆಯೋ ಊರುಗಳು. ಮಳೆ ಬಂದ್ರೆ ಬೆಳೆ, ಇಲ್ಲಾಂದ್ರೆ ಬರ. ತುಂಗಭದ್ರೆಯ ನೀರು ತಂದು 57 ಕೆರೆ ತುಂಬಿಸೋ ಯೋಜನೆ ಬಂದಿದ್ದೇ ಈ ಬರದ ಕಾರಣಕ್ಕೆ. ಹೊಲ ಕೈಕೊಟ್ಟ ವರ್ಷ ಇಲ್ಲಿನ ಜನ ದುಡಿಮೆಗೆ ಹೋಗೋದು ದಾವಣಗೆರೆಗೆ. ನಮ್ಮಜ್ಜನ ಕಾಲದಲ್ಲಿ 'ದಾವಣಗೆರೆಗೆ ಕೆಲಸಕ್ಕೆ ಹೋದ' ಅಂದ್ರೆ ಕಾಟನ್ ಮಿಲ್‌ಗೆ ಹೋದ ಅಂತ ಅರ್ಥ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಊರಿಗೆ ಹೆಸರೇ ಬಿದ್ದಿತ್ತು. ಆಮೇಲೆ ಮಿಲ್‌ಗಳು ಒಂದೊಂದಾಗಿ ಬಾಗಿಲು ಹಾಕಿದವು. ಈಗ ಕೆಲಸ ಅಂದ್ರೆ ಕಾಲೇಜು, ಆಸ್ಪತ್ರೆ, ಯೂನಿವರ್ಸಿಟಿ.

ತೋಳಹುಣಸೆಯ ಶಿವಗಂಗೋತ್ರಿ ಕ್ಯಾಂಪಸ್ ನೀವು ನೋಡಿರ್ತೀರಿ. 1979ರಲ್ಲಿ ಅದು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾಯ್ತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದರ ಕೈಗೆ ಹೋಯ್ತು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಆಯ್ತು. ಮಿಲ್ ಊರು ಯೂನಿವರ್ಸಿಟಿ ಊರಾಯ್ತು. ಈಗ ನನ್ನ ಪ್ರಶ್ನೆ: ಮಿಲ್ ಗೇಟಿನ ಒಳಗೆ ಕಾರ್ಮಿಕರಿಗೆ ಇದ್ದ ಹಕ್ಕುಗಳು ಕ್ಯಾಂಪಸ್ ಗೇಟಿನ ಒಳಗೂ ಬಂದವಾ?

ಮೊದಲು ಮಿಲ್ ನೋಡೋಣ. ಸ್ವಾತಂತ್ರ್ಯದ ಆಸುಪಾಸು ಮೂರು ದೊಡ್ಡ ಕಾನೂನು ಬಂದವು. 1947ರಲ್ಲಿ ಕೈಗಾರಿಕಾ ವಿವಾದಗಳ ಕಾಯ್ದೆ. ಕೆಲಸದಿಂದ ಏಕಾಏಕಿ ತೆಗೆಯೋ ಹಾಗಿಲ್ಲ, ಜಗಳ ಆದ್ರೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದು ಅನ್ನೋ ದಾರಿ ಅಲ್ಲಿತ್ತು. 1948ರಲ್ಲಿ ಇಎಸ್‌ಐ ಕಾಯ್ದೆ. ಕಾಯಿಲೆ, ಹೆರಿಗೆ, ಕೆಲಸದಲ್ಲಿ ಆಗೋ ಗಾಯಕ್ಕೆ ಆಸರೆ. 1952ರಲ್ಲಿ ಪಿಎಫ್ ಕಾಯ್ದೆ. ಈ ಪಿಎಫ್ ಮೊದಲು ಬಂದಿದ್ದು ಆರೇ ಆರು ಉದ್ಯಮಗಳಿಗೆ: ಸಿಮೆಂಟ್, ಸಿಗರೇಟ್, ಎಂಜಿನಿಯರಿಂಗ್, ಕಬ್ಬಿಣ ಮತ್ತು ಉಕ್ಕು, ಕಾಗದ, ಮತ್ತೆ ಬಟ್ಟೆ. ಅಂದ್ರೆ ನೂಲಿನ ಮಿಲ್‌ನವರು ಮೊದಲ ಸಾಲಿನಲ್ಲೇ ಇದ್ದರು.

ಯಾಕೆ ಅವರೇ ಮೊದಲು? ಅವರಿಗೆ ಯೂನಿಯನ್ ಇತ್ತು. ಒಂದೇ ಸೂರಿನಡಿ ಸಾವಿರಾರು ಜನ, ಒಂದೇ ಸೈರನ್‌ಗೆ ಒಳಗೆ ಹೋಗ್ತಿದ್ದರು, ಒಂದೇ ಸೈರನ್‌ಗೆ ಹೊರಗೆ ಬರ್ತಿದ್ದರು. ಮಗ್ಗ ನಿಂತರೆ ಮಾಲೀಕನಿಗೆ ಅವತ್ತೇ ನಷ್ಟ. ದಾವಣಗೆರೆಯಲ್ಲಿ ಈ ಸಂಘಟನೆ ಎಷ್ಟು ಗಟ್ಟಿಯಾಗಿತ್ತು ಅಂದ್ರೆ, ಕಮ್ಯುನಿಸ್ಟ್ ಪಕ್ಷದ ಕಾರ್ಮಿಕ ನಾಯಕ ಪಂಪಾಪತಿ ಇಲ್ಲಿಂದ 1978, 1983, 1985ರಲ್ಲಿ ಮೂರು ಸಲ ಶಾಸಕರಾಗಿ ಗೆದ್ದರು.

ಇತ್ತ ಯೂನಿವರ್ಸಿಟಿ ಕಥೆಯೇ ಬೇರೆ. ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು 1916ರಲ್ಲಿ, ಅರಸರ ಆಳ್ವಿಕೆಯಲ್ಲಿ. ಅಲ್ಲಿ ಕಾಯಂ ನೌಕರಿ ಅಂದ್ರೆ ಸರ್ಕಾರಿ ನೌಕರಿಯ ಮಾದರಿ. ಮೈಸೂರು ಸಂಸ್ಥಾನ 1891ರಲ್ಲೇ ತನ್ನ ನೌಕರರಿಗೆ ಅಂತ ಜೀವವಿಮೆ ಶುರು ಮಾಡಿತ್ತು. ಇವತ್ತಿನ ಕೆಜಿಐಡಿ ಬೆಳೆದಿದ್ದು ಅದರಿಂದಲೇ. ಕಾಯಂ ಆದವರಿಗೆ ಪಿಂಚಣಿ, ರಜೆ, ಬಡ್ತಿ, ಸತ್ತರೆ ಮನೆಯವರಿಗೆ ಕುಟುಂಬ ಪಿಂಚಣಿ. ಕಾರ್ಮಿಕ ಕಾನೂನು ಅವರಿಗೆ ಅಷ್ಟಾಗಿ ಬೇಕಾಗಲೇ ಇಲ್ಲ.

ಬೇಕಾಗಿದ್ದು ಕಾಯಂ ಆಗದವರಿಗೆ. ದಿನಗೂಲಿಯ ಮೇಲೆ ಗಿಡಕ್ಕೆ ನೀರು ಹಾಕೋರು, ಹಾಸ್ಟೆಲ್ ಅಡುಗೆಯವರು, 'ಸದ್ಯಕ್ಕೆ' ಅಂತ ಬಂದು ಇಪ್ಪತ್ತು ವರ್ಷ ಉಳಿದವರು. ಅವರು ಸರ್ಕಾರಿ ನೌಕರರಲ್ಲ, ಹಾಗಂತ ಕಾರ್ಮಿಕರು ಅಂತಲೂ ಕರೆಸಿಕೊಳ್ಳಲಿಲ್ಲ. ಯಾಕೆ? ಇದಕ್ಕೆ ಉತ್ತರ ಬೇಕು ಅಂದ್ರೆ ದೆಹಲಿಯ ಒಬ್ಬ ಡ್ರೈವರ್ ಕಥೆ ಕೇಳಬೇಕು.

ಅವರ ಹೆಸರು ರಾಮ್ ನಾಥ್. ದೆಹಲಿ ವಿಶ್ವವಿದ್ಯಾಲಯದ ಮಹಿಳಾ ಕಾಲೇಜಿನಲ್ಲಿ ವಿದ್ಯಾರ್ಥಿನಿಯರ ಬಸ್ ಓಡಿಸ್ತಿದ್ದರು. ಬಸ್ ನಷ್ಟದಲ್ಲಿ ನಡೀತಿದೆ ಅಂತ ಅವರನ್ನೂ ಇನ್ನೊಬ್ಬ ಡ್ರೈವರನ್ನೂ ಕೆಲಸದಿಂದ ತೆಗೆದರು. ಇವರು ಕೇಳಿದ್ದು ಇಷ್ಟೇ: ಕೆಲಸದಿಂದ ತೆಗೆದಿದ್ದೀರಿ, ಕಾನೂನಿನ ಪ್ರಕಾರ ಪರಿಹಾರ ಕೊಡಿ. ಕೆಳಗಿನ ನ್ಯಾಯಮಂಡಳಿಯಲ್ಲಿ ಗೆದ್ದರು. ಯೂನಿವರ್ಸಿಟಿ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. 1963ರಲ್ಲಿ ತೀರ್ಪು ಬಂತು: ಶಿಕ್ಷಣ ಒಂದು ಉದ್ಯಮ ಅಲ್ಲ. ಯೂನಿವರ್ಸಿಟಿಯ ಮುಖ್ಯ ಕೆಲಸ ಪಾಠ, ಅದನ್ನ ಮಾಡೋರು ಅಧ್ಯಾಪಕರು, ಡ್ರೈವರ್, ಗುಮಾಸ್ತರ ಪಾತ್ರ ಸಣ್ಣದು. ಹಾಗಾಗಿ ಕೈಗಾರಿಕಾ ವಿವಾದಗಳ ಕಾಯ್ದೆ ಇಲ್ಲಿಗೆ ಬರಲ್ಲ.

ಸ್ವಲ್ಪ ಯೋಚನೆ ಮಾಡಿ. ಅದೇ ಡ್ರೈವರ್ ಒಂದು ಬಸ್ ಕಂಪನಿಯಲ್ಲಿ ಇದ್ದಿದ್ರೆ ಪರಿಹಾರ ಸಿಗ್ತಿತ್ತು. ಅದೇ ಸ್ಟೇರಿಂಗ್, ಅದೇ ರಸ್ತೆ, ಅದೇ ದುಡಿಮೆ. ಆದ್ರೆ ಬಸ್ಸಿನ ಒಳಗೆ ಕೂತವರು ಕಾಲೇಜಿನ ಹುಡುಗಿಯರು ಅನ್ನೋ ಕಾರಣಕ್ಕೆ ಅವರು ಕಾರ್ಮಿಕರಾಗಿ ಉಳಿಯಲಿಲ್ಲ. ಮುಂದಿನ 15 ವರ್ಷ ಈ ತೀರ್ಪು ದೇಶದ ಎಲ್ಲಾ ಕ್ಯಾಂಪಸ್‌ಗಳ ಗೇಟಿಗೆ ಬೀಗ ಹಾಕಿದ ಹಾಗೆ ಇತ್ತು.

ಆ ಬೀಗ ತೆಗೆದ ಕೇಸ್ ಹೊರಟಿದ್ದು ನಮ್ಮ ಕರ್ನಾಟಕದಿಂದ, ಅದೂ ಒಂದು ನೀರಿನ ಮಂಡಳಿಯಿಂದ. ಬೆಂಗಳೂರು ಜಲಮಂಡಳಿಯಲ್ಲಿ ಎ. ರಾಜಪ್ಪ ಮತ್ತು ಕೆಲವು ನೌಕರರ ಮೇಲೆ ದುರ್ನಡತೆ ಆರೋಪ ಹೊರಿಸಿ ದಂಡ ಹಾಕಿ ದುಡ್ಡು ವಸೂಲಿ ಮಾಡಲಾಗಿತ್ತು. ನಮ್ಮ ಮಾತು ಸರಿಯಾಗಿ ಕೇಳದೆ ದಂಡ ಹಾಕಿದ್ದಾರೆ ಅಂತ ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ಮಂಡಳಿ ಹೇಳಿತು: ನಾವು ಉದ್ಯಮವೇ ಅಲ್ಲ, ಜನರಿಗೆ ನೀರು ಕೊಡೋ ಸೇವಾ ಸಂಸ್ಥೆ, ಈ ಕಾನೂನು ನಮಗೆ ಅನ್ವಯ ಆಗಲ್ಲ.

ಸಣ್ಣ ದಂಡದ ಜಗಳ ಬೆಳೆದು ಬೆಳೆದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. 1978ರ ಫೆಬ್ರವರಿ 21ರಂದು ತೀರ್ಪು. ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಅವರು ಕೊಟ್ಟ ಅಳತೆಗೋಲು ಮೂರು ಪ್ರಶ್ನೆಯದ್ದು. ಕೆಲಸ ಒಂದು ವ್ಯವಸ್ಥೆಯಲ್ಲಿ ನಿರಂತರವಾಗಿ ನಡೀತಿದೆಯಾ? ಕೆಲಸ ಕೊಟ್ಟವರು, ಕೆಲಸ ಮಾಡೋರು ಸೇರಿ ನಡೆಸ್ತಿದ್ದಾರಾ? ಅದರಿಂದ ಜನರಿಗೆ ಬೇಕಾದ ವಸ್ತು ಅಥವಾ ಸೇವೆ ಸಿಗ್ತಿದೆಯಾ? ಮೂರಕ್ಕೂ ಹೌದು ಅಂದ್ರೆ ಅದು ಉದ್ಯಮ. ಲಾಭ ಮಾಡೋ ಉದ್ದೇಶ ಇದೆಯೋ ಇಲ್ಲವೋ ಅನ್ನೋದು ಮುಖ್ಯ ಅಲ್ಲ. ಈ ಅಳತೆಯಲ್ಲಿ ಜಲಮಂಡಳಿ ಬಂತು, ಆಸ್ಪತ್ರೆ ಬಂತು, ಯೂನಿವರ್ಸಿಟಿಯೂ ಬಂತು. ರಾಮ್ ನಾಥ್ ಕೇಸಿನ ತೀರ್ಪು ಬಿದ್ದುಹೋಯ್ತು. ಅಧ್ಯಾಪಕರು ಕಾರ್ಮಿಕರು ಅಲ್ಲದೇ ಇರಬಹುದು, ಆದ್ರೆ ಅದೇ ಕ್ಯಾಂಪಸ್ಸಿನ ಗುಮಾಸ್ತ, ಡ್ರೈವರ್, ಮಾಲಿ ಕಾರ್ಮಿಕರು. ಅಧ್ಯಾಪಕರ ಪ್ರಶ್ನೆಗೆ ಉತ್ತರ 1988ರಲ್ಲಿ ಬಂತು. ಗೋವಾದ ಒಬ್ಬ ಶಿಕ್ಷಕಿಯ ಕೇಸಿನಲ್ಲಿ, ಆ ಕಾಯ್ದೆಯ ಅರ್ಥದಲ್ಲಿ ಶಿಕ್ಷಕರು 'ಕಾರ್ಮಿಕ' ಅಲ್ಲ ಅಂತ ಕೋರ್ಟ್ ಹೇಳಿತು.

ಈಗ ಒಂದು ಲೆಕ್ಕ ನೋಡಿ. ಕೈಗಾರಿಕಾ ವಿವಾದಗಳ ಕಾಯ್ದೆ ಬಂದಿದ್ದು 1947ರಲ್ಲಿ, ಯೂನಿವರ್ಸಿಟಿ ನೌಕರರಿಗೆ ಅದು ಗಟ್ಟಿಯಾಗಿದ್ದು 1978ರಲ್ಲಿ. 31 ವರ್ಷ. ಪಿಎಫ್ ಮಿಲ್‌ಗೆ 1952ರಲ್ಲಿ, ವಿಶ್ವವಿದ್ಯಾಲಯ, ಕಾಲೇಜು, ಶಾಲೆಗಳಿಗೆ 1982ರಲ್ಲಿ. 30 ವರ್ಷ. ಗ್ರಾಚ್ಯುಟಿ ಕಾಯ್ದೆ 1972ರಲ್ಲಿ ಬಂತು, ಶಿಕ್ಷಣ ಸಂಸ್ಥೆಗಳಿಗೆ ಅದನ್ನ ವಿಸ್ತರಿಸಿದ ಅಧಿಸೂಚನೆ 1997ರ ಏಪ್ರಿಲ್ 3ರದ್ದು. 25 ವರ್ಷ. ಅದರಲ್ಲೂ ಶಿಕ್ಷಕರು ಬರಲ್ಲ ಅಂತ 2004ರಲ್ಲಿ ತೀರ್ಪು ಬಂದು, 2009ರಲ್ಲಿ ಸಂಸತ್ತು ಕಾಯ್ದೆ ತಿದ್ದಿ 1997ರಿಂದಲೇ ಅನ್ವಯ ಅಂತ ಹೇಳಬೇಕಾಯ್ತು.

ಮಿಲ್ ಗೇಟಿನ ಒಳಗೆ ಬಂದ ಹಕ್ಕು ಕ್ಯಾಂಪಸ್ ಗೇಟ್ ದಾಟೋಕೆ ಸರಾಸರಿ ಒಂದು ತಲೆಮಾರು ಹಿಡೀತು. ಅಷ್ಟರಲ್ಲಿ ಒಬ್ಬ ಮನುಷ್ಯ ಕೆಲಸಕ್ಕೆ ಸೇರಿ, ದುಡಿದು, ಬರಿಗೈಯಲ್ಲಿ ಮನೆಗೆ ಹೋಗಿರ್ತಾನೆ. ಗೇಟ್ ಮತ್ತೆ ಮುಚ್ಚೋ ಪ್ರಯತ್ನವೂ ನಡೆಯಿತು. 1982ರಲ್ಲಿ ಸಂಸತ್ತು 'ಉದ್ಯಮ' ಪದದ ಅರ್ಥ ಬದಲಿಸಿ ಶಿಕ್ಷಣ ಸಂಸ್ಥೆ, ಆಸ್ಪತ್ರೆಗಳನ್ನ ಹೊರಗಿಡೋ ತಿದ್ದುಪಡಿ ಪಾಸ್ ಮಾಡಿತು. ಆದ್ರೆ ಆ ಒಂದು ಭಾಗವನ್ನ ಯಾವತ್ತೂ ಜಾರಿಗೆ ತರಲೇ ಇಲ್ಲ. 1978ರ ತೀರ್ಪನ್ನ ಮತ್ತೆ ನೋಡಬೇಕು ಅಂತ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿದರು. ಅಂದ್ರೆ ರಾಜಪ್ಪ ಕೇಸ್ ಇನ್ನೂ ಚರಿತ್ರೆ ಪುಸ್ತಕಕ್ಕೆ ಸೀಮಿತ ಆಗಿಲ್ಲ.

ಇನ್ನು ಕಾಯಂ ಆಗೋ ದಾರಿ ಏನಾಯ್ತು? ಅಲ್ಲೂ ಕರ್ನಾಟಕದ್ದೇ ಎರಡು ದೊಡ್ಡ ಕೇಸ್. 1990ರಲ್ಲಿ ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. 1984ರ ಜುಲೈ 1ರವರೆಗೆ ಕೆಲಸಕ್ಕೆ ಸೇರಿದ ದಿನಗೂಲಿಗಳನ್ನ ತಿಂಗಳ ಸಂಬಳಕ್ಕೆ ತಂದು, ಹತ್ತು ವರ್ಷ ಆದವರನ್ನ ಹಂತ ಹಂತವಾಗಿ ಕಾಯಂ ಮಾಡೋ ಯೋಜನೆ ಬಂತು. ಕೇಸಿನ ಹೆಸರಲ್ಲೇ ಸಂಘ ಇದೆ, ಗಮನಿಸಿ.

ಎರಡನೇದು ಉಮಾದೇವಿ ಕೇಸ್. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ದುಡಿದ ದಿನಗೂಲಿ ನೌಕರರ ಪ್ರಕರಣ. 2006ರ ಏಪ್ರಿಲ್ 10ರಂದು ಸಂವಿಧಾನ ಪೀಠ ಹೇಳಿತು: ನೇಮಕಾತಿ ನಿಯಮ ಬಿಟ್ಟು ಹಿಂದಿನ ಬಾಗಿಲಿನಿಂದ ಬಂದವರು ಎಷ್ಟು ವರ್ಷ ದುಡಿದರೂ ಕಾಯಂ ಆಗೋ ಹಕ್ಕು ತಾನಾಗಿ ಬರಲ್ಲ. ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ತಡೆಯಾಜ್ಞೆಯ ಆಸರೆ ಇಲ್ಲದೆ ಹತ್ತು ವರ್ಷ ಮುಗಿಸಿದವರಿಗೆ ಮಾತ್ರ ಒಂದೇ ಒಂದು ಸಲದ ವಿನಾಯಿತಿ. ಅದೇ ತಿಂಗಳ 1ನೇ ತಾರೀಖಿನಿಂದ ರಾಜ್ಯದಲ್ಲಿ ಹೊಸದಾಗಿ ಸೇರೋ ಸರ್ಕಾರಿ ನೌಕರರಿಗೆ ಹಳೇ ಪಿಂಚಣಿ ನಿಂತು ಎನ್‌ಪಿಎಸ್ ಶುರುವಾಗಿತ್ತು. ಹತ್ತು ದಿನದ ಅಂತರದಲ್ಲಿ ಎರಡು ಬಾಗಿಲು ಬದಲಾದವು. ಹಳೇ ದಿನಗೂಲಿಗಳಿಗಾಗಿ 2012ರಲ್ಲಿ ರಾಜ್ಯ ಸರ್ಕಾರ ಒಂದು ಕ್ಷೇಮಾಭಿವೃದ್ಧಿ ಕಾಯ್ದೆ ತಂದು 60 ವರ್ಷದವರೆಗೆ ಕೆಲಸದ ಭದ್ರತೆ ಕೊಟ್ಟಿತು. ಆಮೇಲೆ ಬಂದವರು ಹೊರಗೇ ಉಳಿದರು.

ಉಮಾದೇವಿ ತೀರ್ಪಿನ ನಂತರ ಕಚೇರಿಗಳಲ್ಲಿ ದಿನಗೂಲಿ ಅನ್ನೋ ಪದ ಕಡಿಮೆಯಾಗಿ ಹೊರಗುತ್ತಿಗೆ ಅನ್ನೋ ಪದ ಜಾಸ್ತಿ ಆಯ್ತು. ಕ್ಯಾಂಪಸ್‌ಗಳಲ್ಲೂ ಅಷ್ಟೇ. ಕೆಲಸ ಯೂನಿವರ್ಸಿಟಿಯದು, ಕುರ್ಚಿ ಯೂನಿವರ್ಸಿಟಿಯದು, ಹೇಳಿ ಮಾಡಿಸೋರು ಯೂನಿವರ್ಸಿಟಿಯವರು. ಪಗಾರ ಹಾಕೋದು ಮಾತ್ರ ಏಜೆನ್ಸಿ. ಟೆಂಡರ್ ಮುಗೀತಾ, ಏಜೆನ್ಸಿ ಬದಲು. ಹುಡುಗಿ ಅದೇ ಕಂಪ್ಯೂಟರ್ ಮುಂದೆ ಕೂತಿರ್ತಾಳೆ, ಪೇಪರ್ ಮೇಲೆ ಹೊಸಬಳಾಗಿರ್ತಾಳೆ.

ಇಲ್ಲೇ ನನಗೆ ಹೆಚ್ಚು ಕಳವಳ. ರಾಮ್ ನಾಥ್‌ಗೆ 'ನೀನು ಕಾರ್ಮಿಕ ಅಲ್ಲ' ಅಂದರು. ಇವತ್ತಿನವರಿಗೆ 'ನೀನು ಕಾರ್ಮಿಕ ಹೌದು, ಆದ್ರೆ ನಮ್ಮವನಲ್ಲ' ಅಂತಾರೆ. 30 ವರ್ಷ ತಡವಾಗಿ ಹಕ್ಕು ಗೇಟಿನ ಒಳಗೆ ಬಂತು, ಅಷ್ಟೊತ್ತಿಗೆ ದುಡಿಯೋರ ಹೆಸರು ಗೇಟಿನ ಹೊರಗಿನ ರಿಜಿಸ್ಟರ್‌ಗೆ ಹೋಗಿತ್ತು.

ಆದ್ರೆ ಕಾನೂನು ಇಲ್ಲೂ ಒಂದು ಹಿಡಿ ಇಟ್ಟಿದೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ 'ಪ್ರಧಾನ ಮಾಲೀಕ' ಅನ್ನೋ ಪದ ಇತ್ತು. ಗುತ್ತಿಗೆದಾರ ಪಗಾರ ಕೊಡದೇ ಹೋದ್ರೆ, ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕು, ಆಮೇಲೆ ಗುತ್ತಿಗೆದಾರನ ಹತ್ರ ವಸೂಲಿ ಮಾಡಿಕೊಳ್ಳಬೇಕು. ಪಿಎಫ್, ಇಎಸ್‌ಐ ವಂತಿಗೆಗೂ ಪ್ರಧಾನ ಮಾಲೀಕನ ಹೊಣೆ ಇದೆ. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಪಗಾರದ ಈ ಹೊಣೆ ಉಳಿದಿದೆ. ಕೆಲಸಕ್ಕೆ ತಗೊಂಡಾಗ ನೇಮಕಾತಿ ಪತ್ರ ಕೊಡಲೇಬೇಕು ಅನ್ನೋದೂ ಸೇರಿದೆ. ಹಾಗಾಗಿ 'ಏಜೆನ್ಸಿಯವರನ್ನ ಕೇಳು, ನಮಗೆ ಸಂಬಂಧ ಇಲ್ಲ' ಅನ್ನೋ ಉತ್ತರಕ್ಕೆ ಕಾನೂನಿನ ಬೆಂಬಲ ಇಲ್ಲ.

ಕೋರ್ಟಿನ ಧಾಟಿಯೂ ಇತ್ತೀಚೆಗೆ ಸ್ವಲ್ಪ ಬದಲಾಗಿದೆ. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗದ ಕಸ ಗುಡಿಸೋರು ಮತ್ತು ಅವರ ಜೊತೆಗಾರರ ಕೇಸಿನಲ್ಲಿ, 2025ರ ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ಉನ್ನತ ಶಿಕ್ಷಣ ಸೇವಾ ಆಯೋಗದ ದಿನಗೂಲಿಗಳ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕಾಯಂ ಮಾಡಿ ಅಂತ ಆದೇಶ ಕೊಟ್ಟಿತು. ವರ್ಷಗಟ್ಟಲೆ ಕಾಯಂ ಕೆಲಸ ಮಾಡಿಸಿಕೊಂಡು ಉಮಾದೇವಿ ತೀರ್ಪಿನ ಹಿಂದೆ ಬಚ್ಚಿಟ್ಟುಕೊಳ್ಳೋ ಹಾಗಿಲ್ಲ ಅನ್ನೋದು ಇವುಗಳ ಸಾರ.

ಸರಿ, ಈ ಚರಿತ್ರೆಯಿಂದ ನಿಮಗೇನು ಸಿಕ್ಕಿದೆ ಅಂತ ರೂಪಾಯಿಯಲ್ಲಿ ನೋಡೋಣ. ತಿಂಗಳಿಗೆ 14,000 ಪಗಾರ ಅಂದ್ಕೊಳ್ಳಿ. ಪಿಎಫ್‌ಗೆ ನಿಮ್ಮಿಂದ ಶೇ 12, ಅಂದ್ರೆ 1,680. ಅಷ್ಟೇ ದುಡ್ಡು ಮಾಲೀಕನ ಕಡೆಯಿಂದಲೂ ಬೀಳಬೇಕು. ಅದರಲ್ಲಿ ಒಂದು ಪಾಲು ಪಿಂಚಣಿ ಯೋಜನೆಗೆ ಹೋಗುತ್ತೆ. ಇಎಸ್‌ಐಗೆ ನಿಮ್ಮಿಂದ ಶೇ 0.75, ಅಂದ್ರೆ 105 ರೂಪಾಯಿ. ಮಾಲೀಕ ಹಾಕಬೇಕಾದ್ದು ಶೇ 3.25, ಅಂದ್ರೆ 455. ತಿಂಗಳ ಪಗಾರ 21,000ದವರೆಗೆ ಇರೋರು ಇದರ ಒಳಗೆ ಬರ್ತಾರೆ. ಈ 105 ರೂಪಾಯಿಗೆ ಮನೆಯವರಿಗೂ ಚಿಕಿತ್ಸೆ ಇದೆ, ಕಾಯಿಲೆ ರಜೆಗೆ ವರ್ಷಕ್ಕೆ 91 ದಿನದವರೆಗೆ ಪಗಾರದ ಶೇ 70 ಇದೆ, ಹೆರಿಗೆಗೆ 26 ವಾರ ಪೂರ್ತಿ ಪಗಾರ ಇದೆ. ದಾವಣಗೆರೆಯಲ್ಲೇ ಇಎಸ್‌ಐ ಆಸ್ಪತ್ರೆ ಇದೆ.

ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲದ ಒಂದು ಸೌಲಭ್ಯ ಇನ್ನೊಂದಿದೆ. ಪಿಎಫ್ ಜೊತೆಗೆ ಒಂದು ಜೀವವಿಮೆ ಬರುತ್ತೆ. ಇಡಿಎಲ್‌ಐ ಅಂತ ಹೆಸರು. ನೌಕರ ಇದಕ್ಕೆ ಒಂದು ಪೈಸೆ ಕಟ್ಟಲ್ಲ, ಮಾಲೀಕ ಕಟ್ಟೋದು. ಕೆಲಸದಲ್ಲಿ ಇರುವಾಗ ತೀರಿಕೊಂಡರೆ ಮನೆಯವರಿಗೆ ಗರಿಷ್ಠ 7 ಲಕ್ಷದವರೆಗೆ ಸಿಗುತ್ತೆ. ಸಾವು ಆಫೀಸಲ್ಲೇ ಆಗಬೇಕು ಅಂತಿಲ್ಲ. ಆದ್ರೆ ಯಾರೂ ಮನೆಗೆ ಬಂದು ಕೊಡಲ್ಲ, ಅರ್ಜಿ ಹಾಕಬೇಕು. ನಾಮಿನಿ ಹೆಸರು ಇರಬೇಕು. ಏಜೆನ್ಸಿ ವಂತಿಗೆ ಕಟ್ಟದೇ ಬಿಟ್ಟಿದ್ರೆ ಆ ಮನೆಯ ಹೆಣ್ಣುಮಗಳು ಒಂದು ಕಡೆ ದುಃಖ, ಒಂದು ಕಡೆ ಆಫೀಸಿಂದ ಆಫೀಸಿಗೆ ಅಲೆದಾಟ ಅಂತ ಒದ್ದಾಡಬೇಕು.

ಗ್ರಾಚ್ಯುಟಿ ಲೆಕ್ಕ ಸುಲಭ. ಮೂಲ ವೇತನ ಮತ್ತು ಡಿಎ ಸೇರಿಸಿ, ಅದನ್ನ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. 13,000 ಪಗಾರ, ಹತ್ತು ವರ್ಷ ಸೇವೆ ಅಂದ್ರೆ 75,000 ರೂಪಾಯಿ. ಸಾಮಾನ್ಯವಾಗಿ ಐದು ವರ್ಷ ತುಂಬಿರಬೇಕು. ಏಜೆನ್ಸಿ ಬದಲಾದಾಗಲೆಲ್ಲ 'ಹೊಸ ಸೇರ್ಪಡೆ' ಅಂತ ಬರೆದ್ರೆ ಈ ಐದು ವರ್ಷ ತುಂಬೋದೇ ಕಷ್ಟ. ಹಳೇ ನೇಮಕ ಪತ್ರ, ಹಾಜರಾತಿ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ ಅಂತ ನಾನು ಪದೇ ಪದೇ ಹೇಳೋದು ಇದಕ್ಕೇ.

ಈಗ ಕೈಯಲ್ಲಿ ಫೋನ್ ಇದೆಯಲ್ಲ, ಉಮಂಗ್ ಆ್ಯಪ್ ತೆಗೆಯಿರಿ. ನಿಮ್ಮ ಯುಎಎನ್ ನಂಬರ್ ಹಾಕಿ ಪಾಸ್‌ಬುಕ್ ನೋಡಿ. ಪಗಾರದಲ್ಲಿ ಕಡಿತ ಆದ ಪ್ರತಿ ತಿಂಗಳೂ ಅಲ್ಲಿ ಜಮೆ ಆಗಿದೆಯಾ? ನಿಮಗೆ ಕೆಲಸ ಇಲ್ಲದಿದ್ರೂ ಪರವಾಗಿಲ್ಲ, ಹಾಸ್ಟೆಲ್‌ನಲ್ಲಿ ಅಡುಗೆ ಮಾಡೋ ಅಮ್ಮನಿಗೋ ಚಿಕ್ಕಮ್ಮನಿಗೋ, ಸೆಕ್ಯುರಿಟಿ ಕೆಲಸದ ಮಾವನಿಗೋ ಕೂತು ನೋಡಿಕೊಡಿ. ಒಂದು ತಿಂಗಳು ಬಿಟ್ಟು ಹೋಗಿದ್ರೂ ಮೊದಲು ಏಜೆನ್ಸಿಗೆ ಮತ್ತು ಯೂನಿವರ್ಸಿಟಿ ಕುಲಸಚಿವರಿಗೆ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಆಮೇಲೆ ಪಿಎಫ್ ಕಚೇರಿ, ಪಗಾರದ ವಿಷಯ ಆದ್ರೆ ಕಾರ್ಮಿಕ ಇಲಾಖೆ.

ಇದನ್ನ ಒಬ್ಬರೇ ಮಾಡೋದು ಕಷ್ಟ ಅಂತ ನನಗೆ ಗೊತ್ತು. ಅರ್ಜಿ ಕೊಟ್ಟ ಮರುದಿನ 'ನಾಳೆಯಿಂದ ಬರಬೇಡ' ಅಂದ್ರೆ? ಈ ಭಯಕ್ಕೇ ಹಳಬರು ಸಂಘ ಕಟ್ಟಿದ್ದು. 1926ರ ಟ್ರೇಡ್ ಯೂನಿಯನ್ ಕಾಯ್ದೆಯಲ್ಲಿ ಏಳು ಜನ ಸೇರಿದ್ರೆ ನೋಂದಣಿಗೆ ಅರ್ಜಿ ಹಾಕಬಹುದಿತ್ತು. 2001ರ ತಿದ್ದುಪಡಿಯ ನಂತರ ಆ ಸಂಸ್ಥೆ ಅಥವಾ ಉದ್ಯಮದ ನೌಕರರಲ್ಲಿ ಶೇ 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರು ಬೇಕು, ಆದ್ರೆ ಏಳಕ್ಕಿಂತ ಕಡಿಮೆ ಇರೋ ಹಾಗಿಲ್ಲ. ಹೊರಗುತ್ತಿಗೆಯವರೂ ಇದರಲ್ಲಿ ಸೇರಬಹುದು. ಕಾಯಂ ನೌಕರರ ಸಂಘಗಳಿಗೂ ನನ್ನದೊಂದು ಮಾತಿದೆ. ಪಕ್ಕದ ಕುರ್ಚಿಯ ಹೊರಗುತ್ತಿಗೆಯವರನ್ನ ಬಿಟ್ಟು ನಡೆದರೆ, ನೀವು ನಿವೃತ್ತಿ ಆದಾಗ ನಿಮ್ಮ ಕುರ್ಚಿಗೂ ಹೊರಗುತ್ತಿಗೆಯವರೇ ಬರ್ತಾರೆ. ಸಂಘದ ಸದಸ್ಯರ ಪಟ್ಟಿ ವರ್ಷ ವರ್ಷ ಸಣ್ಣದಾಗ್ತಾ ಹೋಗುತ್ತೆ.

ಮಿಲ್‌ನವರಿಗೆ ಒಟ್ಟಿಗೆ ಸೇರೋಕೆ ಒಂದು ಗೇಟ್, ಒಂದು ಸೈರನ್ ಇತ್ತು. ಕ್ಯಾಂಪಸ್ಸಿನಲ್ಲಿ ಅಡುಗೆಯವರು ಒಂದು ಕಡೆ, ಆಪರೇಟರ್ ಒಂದು ಕಡೆ, ಸೆಕ್ಯುರಿಟಿ ಮೂರು ಶಿಫ್ಟ್‌ನಲ್ಲಿ. ಆದ್ರೆ ಎಲ್ಲರ ಜೇಬಲ್ಲೂ ಫೋನ್ ಇದೆ. ಒಂದು ವಾಟ್ಸಾಪ್ ಗ್ರೂಪ್ ಮಾಡಿ, ಎಲ್ಲರೂ ತಮ್ಮ ತಮ್ಮ ಪಿಎಫ್ ಪಾಸ್‌ಬುಕ್ ನೋಡಿ, ಯಾವ ತಿಂಗಳು ಬಿಟ್ಟು ಹೋಗಿದೆ ಅಂತ ಒಂದು ಕಡೆ ಬರೆಯೋದ್ರಿಂದ ಶುರು ಮಾಡಬಹುದು. ಹತ್ತು ಜನರ ಬಿಟ್ಟುಹೋದ ತಿಂಗಳು ಒಂದೇ ಆಗಿದ್ರೆ ಅದು ಒಬ್ಬರ ದೂರಾಗಿ ಉಳಿಯಲ್ಲ.

ಈ ಎಪಿಸೋಡ್ ಯಾರಿಗೆ ಬೇಕು ಅನ್ಸುತ್ತೋ ಅವರಿಗೆ ಕಳಿಸಿ. ಅವರಿಗೆ ಓದೋಕೆ ಕಷ್ಟ ಆದ್ರೆ ಆಡಿಯೋ ಹಾಕಿ ಕೇಳಿಸಿ. ಕಾನೂನಿನ ವಿಷಯದಲ್ಲಿ ನಿಮ್ಮ ಕೇಸ್ ಬೇರೆ ಇರಬಹುದು, ಹಾಗಾಗಿ ಹೆಜ್ಜೆ ಇಡೋ ಮುಂಚೆ ವಕೀಲರನ್ನೋ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೋ ಕೇಳಿ.